ಬಿಗಿತವೂ ಬಲವೂ

ಬಲವೆಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಗರಡಿಮನೆ. ಕೆಮ್ಮಣ್ಣಿನ ಅಖಾಡ, ಗೋಡೆಗೊರಗಿಸಿದ ಲೋಡುಗಳು, ಎಣ್ಣೆಯಿಂದ ಮಿರುಗುವ ತೋಳು ತೊಡೆಗಳು, ಮೇಲೊಂದು ಆಂಜನೇಯನ ಪಟ. ಬೆಂಗಳೂರಿನ ಹಳಬರಾದರೆ ಜೆ. ಸಿ. ರಸ್ತೆಯ ವ್ಯಾಯಾಮಶಾಲೆಯನ್ನೂ ಅದನ್ನು ನಡೆಸಿದ ಕೆ. ವಿ. ಅಯ್ಯರ್ ಅವರನ್ನೂ ನೆನೆಯದೆ ಬಿಡುವುದಿಲ್ಲ. ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿಗಳ ಕರ್ತೃವೂ ದೇಹದಾರ್ಢ್ಯದ ಗುರುವೂ ಒಬ್ಬರೇ ಎಂಬುದು ನಮ್ಮ ಊರಿನ ಹೆಮ್ಮೆಗಳಲ್ಲೊಂದು. ಅಂಥ ಬಲ ಸ್ವಲ್ಪಮಟ್ಟಿಗೆ ನೋಡುವವರಿಗಾಗಿಯೂ ಇರತಕ್ಕದ್ದು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನೋಡುವವರ ಗಮನಕ್ಕೇ ಬಾರದ ಇನ್ನೊಂದು ಬಲವಿದೆ. ಕುರ್ಚಿಯಿಂದ ಏಳಲು, ನೀರಿನ ಚೊಂಬನ್ನು ಹಿಡಿದು ಹೊಸಿಲು ದಾಟಲು, ಬಸ್ಸಿನ ಮೊದಲ ಮೆಟ್ಟಿಲನ್ನೇರಲು ಬೇಕಾದಷ್ಟೇ ಬಲ ಅದು. ಸೆರೆಬ್ರಲ್ ಪಾಲ್ಸಿ ಎಂಬ ಸ್ಥಿತಿಯಲ್ಲಿ ಬೆಳೆಯುವ ಮಕ್ಕಳು ಈ ಬಲವನ್ನು ವ್ಯಾಯಾಮದಿಂದ ಸಂಪಾದಿಸಬಲ್ಲರೆ, ಸಂಪಾದಿಸಿದರೆ ಅದರಿಂದ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದೇ ಈ ಲೇಖನದ ವಿಷಯ.

ನಾನು ವೈದ್ಯ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನು. ಆದರೆ ಹಲಸೂರಿನ ನಮ್ಮ ಮನೆಯಲ್ಲಿ ನನ್ನ ಅಕ್ಕನ ಮಗನೊಬ್ಬನಿದ್ದಾನೆ. ಅವನಿಗೀಗ 13 ವರ್ಷ. ತಿಂಗಳು ತುಂಬುವ ಮೊದಲೇ ಹುಟ್ಟಿದವನು. ಮಾತಿನಲ್ಲಿ ನಮ್ಮೆಲ್ಲರನ್ನೂ ಸೋಲಿಸುತ್ತಾನೆ. ನಡಿಗೆಯಲ್ಲಿ ಮಾತ್ರ ಎರಡು ಮೊಣಕಾಲೂ ಬಾಗಿ, ತೊಡೆಗಳು ಒಂದಕ್ಕೊಂದು ತಾಗಿ, ಗೋಡೆಯನ್ನೋ ಯಾರ ಭುಜವನ್ನೋ ಹಿಡಿದು ಸಾಗುತ್ತಾನೆ. ಸಂಜೆಯ ಹೊತ್ತು ಅವನ ವ್ಯಾಯಾಮವನ್ನು ನೋಡಿಕೊಳ್ಳುವ ಕೆಲಸ ಎರಡು ವರ್ಷದ ಹಿಂದೆ ನನ್ನ ಪಾಲಿಗೆ ಬಂತು. ಅಂದಿನಿಂದ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದುವುದೂ, ಬಲ್ಲವರನ್ನು ಕೇಳುವುದೂ ನನಗೆ ಅಭ್ಯಾಸವಾಗಿದೆ.

ಬೀದಿಯ ಹಿರಿಯರು ಅವನನ್ನು ಕಂಡಾಗ ಕೇಳುವ ಮೊದಲ ಪ್ರಶ್ನೆ, ‘ಪೋಲಿಯೋ ಏನಪ್ಪ?’ ಎಂದು. ಪ್ರಶ್ನೆ ಸಹಜವೇ. ಒಂದು ಕಾಲದಲ್ಲಿ ಕಾಲು ಬಾರದ ಮಗುವೆಂದರೆ ಪೋಲಿಯೋ ಮಗುವೇ ಆಗಿತ್ತು. 2014ರ ಮಾರ್ಚ್ 27ರಂದು ಭಾರತವೂ ಸೇರಿದಂತೆ ನಮ್ಮ ಪ್ರದೇಶವನ್ನು ಪೋಲಿಯೋಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆ ಹೆಸರು ಮಾತ್ರ ಜನರ ನಾಲಿಗೆಯಲ್ಲಿ ಉಳಿದಿದೆ. ಎರಡಕ್ಕೂ ಇರುವ ಅಂತರವನ್ನು ತಿಳಿಯದೆ ಮುಂದಿನ ಮಾತು ಅರ್ಥವಾಗುವಂತಿಲ್ಲ. ಪೋಲಿಯೋ ವಿಷಾಣು ಬೆನ್ನುಹುರಿಯೊಳಗೆ ಸ್ನಾಯುವಿಗೆ ಆಜ್ಞೆ ಕಳುಹಿಸುವ ನರಕೋಶಗಳನ್ನೇ ಕೊಲ್ಲುತ್ತದೆ. ಆಜ್ಞೆಯೇ ತಲುಪದ ಸ್ನಾಯು ಸಡಿಲವಾಗಿ, ಬತ್ತಿದ ಸೋರೆಯಂತೆ ಜೋತುಬೀಳುತ್ತದೆ. ಸೆರೆಬ್ರಲ್ ಪಾಲ್ಸಿಯಲ್ಲಿ ಬೆನ್ನುಹುರಿ ನೆಟ್ಟಗಿದೆ, ಕೈಕಾಲಿನ ನರಗಳು ನೆಟ್ಟಗಿವೆ. ಪೆಟ್ಟು ಬಿದ್ದಿರುವುದು ಮಿದುಳಿಗೆ. ಗರ್ಭದಲ್ಲಿರುವಾಗಲೋ ಹುಟ್ಟುವಾಗಲೋ ಹುಟ್ಟಿದ ಹೊಸದರಲ್ಲೋ, ಅಂದರೆ ಮಿದುಳು ಇನ್ನೂ ಬೆಳೆಯುತ್ತಿರುವಾಗ, ಅದರ ಒಂದು ಭಾಗಕ್ಕೆ ಆದ ಹಾನಿ ಅದು. ಅವಧಿಗೆ ಮುನ್ನ ಜನನ, ಉಸಿರು ಕಟ್ಟುವುದು, ಹಸುಗೂಸಿನ ತೀವ್ರ ಕಾಮಾಲೆ, ಮಿದುಳ ಪೊರೆಯ ಸೋಂಕು ಮುಂತಾಗಿ ಕಾರಣಗಳು ಹಲವು. ಸಾವಿರ ಜನನಗಳಿಗೆ ಎರಡೋ ಮೂರೋ ಮಕ್ಕಳು ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ.

1861ರಲ್ಲಿ ವಿಲಿಯಂ ಜಾನ್ ಲಿಟ್ಲ್ ಎಂಬ ಲಂಡನ್ನಿನ ಶಸ್ತ್ರವೈದ್ಯನು ಅಲ್ಲಿಯ ಪ್ರಸೂತಿ ವೈದ್ಯರ ಸಂಘದ ಮುಂದೆ ಇಂಥ ಮಕ್ಕಳ ವಿಚಾರವಾಗಿ ಒಂದು ಪ್ರಬಂಧ ಓದಿದನು. ಕಷ್ಟದ ಹೆರಿಗೆಗೂ ಮಗುವಿನ ಕೈಕಾಲಿನ ಬಿಗಿತಕ್ಕೂ ಸಂಬಂಧವಿದೆಯೆಂದು ಅವನು ತೋರಿಸಿಕೊಟ್ಟ ಮೇಲೆ ಬಹುಕಾಲ ಇದಕ್ಕೆ ‘ಲಿಟ್ಲನ ರೋಗ’ ಎಂದೇ ಹೆಸರಿತ್ತು. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಕಾಲುಗಳೇ ಹೆಚ್ಚು ಕೆಡುವುದೇಕೆ ಎಂಬುದಕ್ಕೆ ಈಗ ಒಳ್ಳೆಯ ವಿವರಣೆ ಇದೆ. ಮಿದುಳಿನ ನಡುವೆ ದ್ರವ ತುಂಬಿದ ಕುಹರಗಳಿವೆ. ಕಾಲಿಗೆ ಹೋಗುವ ತಂತುಗಳು ಆ ಕುಹರಗಳ ಗೋಡೆಗೆ ತೀರ ಹತ್ತಿರವಾಗಿಯೇ ಇಳಿಯುತ್ತವೆ; ಕೈಗೆ ಹೋಗುವ ತಂತುಗಳು ಸ್ವಲ್ಪ ದೂರ. ಎಳೆಯ ಮಿದುಳಿನಲ್ಲಿ ರಕ್ತ ಸಂಚಾರ ಸಾಲದೆ ಮೊದಲು ನಲುಗುವುದು ಆ ಗೋಡೆಯ ಸುತ್ತಲಿನ ಭಾಗವೇ. ನಮ್ಮ ಹುಡುಗನ ಕೈಗಳು ಚುರುಕಾಗಿದ್ದು ಕಾಲುಗಳು ಸೋತಿರುವುದಕ್ಕೆ ಇದೇ ಕಾರಣ. ಈ ಹಾನಿ ಮುಂದೆ ಬೆಳೆಯುವುದಿಲ್ಲ. ಆದರೆ ಮಗು ಬೆಳೆಯುತ್ತದೆ. ಕಷ್ಟವೆಲ್ಲ ಅಲ್ಲಿಯೇ ಇದೆ.

ಈಗ ಶಿರೋನಾಮೆಯ ವಿಷಯಕ್ಕೆ ಬರೋಣ. ಸೆರೆಬ್ರಲ್ ಪಾಲ್ಸಿಯ ಮಕ್ಕಳಲ್ಲಿ ಬಹುಪಾಲಿನವರಿಗೆ ಸ್ನಾಯುಗಳಲ್ಲಿ ಸೆಡೆತವಿರುತ್ತದೆ. ಸ್ನಾಯುವನ್ನು ಥಟ್ಟನೆ ಎಳೆದರೆ ಅದು ತಿರುಗಿ ಎಳೆಯುತ್ತದೆ. ಬೇಗ ಎಳೆದಷ್ಟೂ ಪ್ರತಿರೋಧ ಹೆಚ್ಚು. ಎಲ್ಲರ ಬೆನ್ನುಹುರಿಯಲ್ಲಿಯೂ ಇರುವ ಒಂದು ಸಹಜ ಕ್ರಿಯೆ ಇದು. ನಮ್ಮಲ್ಲಿ ಮಿದುಳು ಮೇಲಿನಿಂದ ಕಡಿವಾಣ ಹಾಕಿ ಅದನ್ನು ಹದದಲ್ಲಿಡುತ್ತದೆ. ಈ ಮಕ್ಕಳಲ್ಲಿ ಆ ಕಡಿವಾಣ ಸಡಿಲ. ನಮ್ಮ ಹುಡುಗನ ಮೀನಖಂಡವನ್ನು ಮುಟ್ಟಿ ನೋಡಿದವರು, ‘ಕಲ್ಲಿನ ಹಾಗಿದೆಯಲ್ಲ, ಇಷ್ಟು ಗಟ್ಟಿ ಕಾಲಿಗೆ ಏನು ಕೊರತೆ?’ ಎನ್ನುವುದುಂಟು. ಅದೇ ಕಲ್ಲಿನಂಥ ಮೀನಖಂಡದಿಂದ ಅವನು ಹಿಮ್ಮಡಿ ಎತ್ತಿ ತುದಿಗಾಲ ಮೇಲೆ ಮೂರು ಸಲ ನಿಲ್ಲಲಾರದವನಾಗಿದ್ದನು. ಗಟ್ಟಿಯಾದದ್ದೆಲ್ಲ ಬಲವಾದದ್ದೆಂದು ನಂಬುವ ನಮ್ಮ ರೂಢಿ ಇಲ್ಲಿ ಮೋಸಹೋಗುತ್ತದೆ. ಬಿಗಿಯಾದ ಸ್ನಾಯು ಅದೇ ಹೊತ್ತಿಗೆ ಬಲಹೀನವೂ ಆಗಿರಬಲ್ಲುದು. ಈ ಮಕ್ಕಳಲ್ಲಿ ಸಾಮಾನ್ಯವಾಗಿ ಹಾಗೆಯೇ ಇರುತ್ತದೆ.

ಹೇಗೆಂದು ಕೇಳಬಹುದು. ಸ್ನಾಯುವೆಂಬುದು ಸಾವಿರಾರು ಎಳೆಗಳ ಕಟ್ಟು. ನಾವು ಜೋರಾಗಿ ತಳ್ಳಬೇಕಾದಾಗ ಮಿದುಳು ಒಂದೇ ಸಲಕ್ಕೆ ಹೆಚ್ಚು ಹೆಚ್ಚು ಎಳೆಗಳನ್ನು ಕೆಲಸಕ್ಕೆ ಕರೆಯುತ್ತದೆ. ಸುದ್ದಿ ಸಾಗಿಸುವ ತಂತಿಗಳೇ ಕಡಿಮೆಯಾಗಿದ್ದರೆ ಕರೆ ಎಲ್ಲರಿಗೂ ಮುಟ್ಟದು. ಮನೆಯಲ್ಲಿ ಹತ್ತು ಜನ ಆಳುಗಳಿದ್ದು ನಾಲ್ವರಿಗೆ ಮಾತ್ರ ಹೇಳಿಕೆ ಹೋದಂತೆ. ಇದು ಮೊದಲನೆಯದು. ಎರಡನೆಯದು ಹಗ್ಗಜಗ್ಗಾಟ. ಮೊಣಕಾಲನ್ನು ನೀಡಲು ತೊಡೆಯ ಮುಂದಿನ ಸ್ನಾಯು ಎಳೆಯುವಾಗ ಹಿಂದಿನದು ಬಿಟ್ಟುಕೊಡಬೇಕು. ಇಲ್ಲಿ ಅದು ಬಿಟ್ಟುಕೊಡದೆ ತಾನೂ ಎಳೆಯುತ್ತದೆ. ಹುಡುಗ ಬೆವರುತ್ತಾನೆ, ಕಾಲು ಮಾತ್ರ ಕದಲುವುದಿಲ್ಲ. ಇದಲ್ಲದೆ ಸ್ನಾಯು ಕೂಡ ವರ್ಷಗಳು ಕಳೆದಂತೆ ಮಾರ್ಪಡುತ್ತದೆ. ಮೂಳೆ ಬೆಳೆದಷ್ಟು ಅದು ಬೆಳೆಯುವುದಿಲ್ಲ, ಸಣ್ಣಗಿರುತ್ತದೆ, ಎಳೆಗಳ ನಡುವೆ ನಾರಿನ ಅಂಶ ಹೆಚ್ಚುತ್ತದೆ.

ಮಗು ಬೆಳೆಯುವುದೇ ಕಷ್ಟವೆಂದೆನಷ್ಟೆ. ಅದಕ್ಕೆ ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ಹೇಳಿದ ಗಣಿತವೊಂದು ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಮೈಯ ಆಕಾರ ಹಾಗೆಯೇ ಇದ್ದು ಎತ್ತರ ಮಾತ್ರ 100 ಇದ್ದದ್ದು 120 ಆಯಿತೆನ್ನಿ. ಸ್ನಾಯುವಿನ ಬಲ ಅದರ ಅಡ್ಡಗಾತ್ರವನ್ನು ಅನುಸರಿಸುತ್ತದೆ. ಅದು 100ರಿಂದ 144 ಆಗುತ್ತದೆ. ತೂಕ ಗಾತ್ರವನ್ನು ಅನುಸರಿಸುತ್ತದೆ; ಅದು 100ರಿಂದ ಸುಮಾರು 173 ಆಗುತ್ತದೆ. ಎಂಟು ವರ್ಷಕ್ಕೆ ಗೋಡೆ ಹಿಡಿದು ಚೆನ್ನಾಗಿ ಓಡಾಡುತ್ತಿದ್ದ ಮಗು ಹನ್ನೆರಡು ಹದಿಮೂರಕ್ಕೆ ಮೊಣಕಾಲು ಬಾಗಿಸಿ ಕುಗ್ಗಿ ನಡೆಯತೊಡಗುವುದೂ, ಕೆಲವರು ಹದಿನೈದರ ಹೊತ್ತಿಗೆ ನಡೆಯುವುದನ್ನೇ ಬಿಡುವುದೂ ಇದರಿಂದಲೇ ಬಹುಮಟ್ಟಿಗೆ ಅರ್ಥವಾಗುತ್ತದೆ. ಮೊಣಕಾಲು ಬಾಗಿಸಿ ನಡೆಯುವುದು ಎಷ್ಟು ಶ್ರಮವೆಂದು ತಿಳಿಯಬೇಕಾದರೆ ಓದುಗರು ಎದ್ದು, ಅರ್ಧ ಕುಳಿತ ಭಂಗಿಯಲ್ಲಿ, ಕಾಲೇಜಿನ ಮೊಗಸಾಲೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಒಮ್ಮೆ ಹೋಗಿ ಬರಲಿ. ನಾನು ಹೋಗಿ ಬಂದಿದ್ದೇನೆ. ಮಾರನೆಯ ದಿನ ತೊಡೆ ಹಿಡಿದುಕೊಂಡಿತ್ತು.

ಹಾಗಾದರೆ ಬಲ ಬರುವಂತೆ ವ್ಯಾಯಾಮ ಮಾಡಿಸಿದರಾಯಿತಲ್ಲ ಎನ್ನಬಹುದು. ಆಶ್ಚರ್ಯವೆಂದರೆ ಸುಮಾರು ನಾಲ್ಕು ದಶಕಗಳ ಕಾಲ ಬಲ್ಲವರಲ್ಲಿ ಅನೇಕರು ಇದನ್ನೇ ಬೇಡವೆನ್ನುತ್ತಿದ್ದರು. ಅಮೆರಿಕದಲ್ಲಿ ವಿಂಥ್ರಪ್ ಫೆಲ್ಪ್ಸ್ ಎಂಬ ಮೂಳೆವೈದ್ಯರು ಮೊದಮೊದಲು ಪಟ್ಟಿಗಳನ್ನು ಕಟ್ಟಿ ಒಂದೊಂದು ಸ್ನಾಯುವನ್ನೂ ಪಳಗಿಸುವ ಕ್ರಮವನ್ನು ನಡೆಸಿದ್ದರು. ಆಮೇಲೆ ಲಂಡನ್ನಿನಲ್ಲಿ ನೆಲೆಸಿದ ಬರ್ತಾ ಬೊಬಾತ್ ಮತ್ತು ಆಕೆಯ ಪತಿ ಡಾ. ಕಾರೆಲ್ ಬೊಬಾತ್ ಅವರ ಪದ್ಧತಿ ಜಗತ್ತಿನಲ್ಲೆಲ್ಲ ಹರಡಿತು, ಭಾರತಕ್ಕೂ ಬಂತು. ಮಗುವನ್ನು ಹೇಗೆ ಎತ್ತಬೇಕು, ಹೇಗೆ ಕೂರಿಸಬೇಕು, ಹೇಗೆ ಉಣಿಸಬೇಕು ಎಂದು ತಾಯಂದಿರಿಗೆ ಕಲಿಸಿದ ಅವರ ಉಪಕಾರ ಸಣ್ಣದಲ್ಲ. ಆದರೆ ಹೆಚ್ಚು ಶ್ರಮಪಟ್ಟರೆ ಸೆಡೆತ ಹೆಚ್ಚುತ್ತದೆ, ಆದ್ದರಿಂದ ಭಾರ ಎತ್ತಿಸುವುದು ಸಲ್ಲದು ಎಂಬ ಅಭಿಪ್ರಾಯವೂ ಅದರ ಜೊತೆಗೇ ಬೇರೂರಿತು. ನೋಡುವ ಕಣ್ಣಿಗೆ ಅದು ಸುಳ್ಳೆನಿಸುವುದೂ ಇಲ್ಲ. ಹುಡುಗ ಮೆಟ್ಟಿಲು ಹತ್ತಲು ಒದ್ದಾಡುವಾಗ ಅವನ ಕೈಬೆರಳುಗಳೂ ದವಡೆಯೂ ಬಿಗಿಯುವುದನ್ನು ನಾನೇ ಕಂಡಿದ್ದೇನೆ. ನಮ್ಮ ಮನೆಗೆ ಬರುತ್ತಿದ್ದ ಅಂಗಮರ್ದನದವರೊಬ್ಬರು, ‘ಭಾರ ಹೊರಿಸಿದರೆ ನರ ಒಣಗುತ್ತದೆ’ ಎಂದು ಅಕ್ಕನನ್ನು ಹೆದರಿಸಿದ್ದರು. ಆ ಮಾತಿನಿಂದ ಒಂದು ವರ್ಷ ಹೋಯಿತು.

ಆ ನಂಬಿಕೆಯನ್ನು ಪರೀಕ್ಷೆಗೊಡ್ಡಿದವರು ಬಂದದ್ದು 1990ರ ದಶಕದಲ್ಲಿ. ಅಮೆರಿಕದ ಡಯಾನ್ ಡಮಿಯಾನೊ ಮತ್ತು ಸಂಗಡಿಗರು ಮೊಣಕಾಲು ಬಾಗಿಸಿ ನಡೆಯುವ ಕೆಲವು ಮಕ್ಕಳಿಗೆ ಕಣಕಾಲಿಗೆ ತೂಕ ಕಟ್ಟಿ 6 ವಾರ ತೊಡೆಯ ವ್ಯಾಯಾಮ ಮಾಡಿಸಿ, 1995ರಲ್ಲಿ ಫಲವನ್ನು ಪ್ರಕಟಿಸಿದರು. ಬಲ ಚೆನ್ನಾಗಿಯೇ ಹೆಚ್ಚಿತ್ತು. ಬಾಗು ಕೊಂಚ ಇಳಿದಿತ್ತು. ಸೆಡೆತದ ಮಾತೇನು? 2001ರಲ್ಲಿ ಐಲೀನ್ ಫೌಲರ್ ಮತ್ತು ಜೊತೆಯವರು ಒಂದು ಸರಳ ಉಪಾಯದಿಂದ ಅದನ್ನು ನೋಡಿದರು. ಮಗುವನ್ನು ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿ, ಕಾಲನ್ನು ಎತ್ತಿ ಕೈಬಿಟ್ಟರೆ ಅದು ಗಡಿಯಾರದ ಲೋಲಕದಂತೆ ತೂಗುತ್ತದೆ. ಸೆಡೆತ ಹೆಚ್ಚಿದ್ದರೆ ತೂಗಾಟ ಬೇಗ ನಿಲ್ಲುತ್ತದೆ. ತೊಡೆಯ ಬಲವಾದ ವ್ಯಾಯಾಮಕ್ಕೆ ಮುಂಚೆಯೂ ಆಮೇಲೂ ಹೀಗೆ ಅಳೆದಾಗ ಸೆಡೆತ ಹೆಚ್ಚಿದ್ದು ಕಾಣಲಿಲ್ಲ. ಒಂದು ತಲೆಮಾರಿನ ಭಯಕ್ಕೆ ಉತ್ತರ ಕೊಡಲು ಒಂದು ಮೇಜೂ ತೂಗಾಡುವ ಕಾಲೂ ಸಾಕಾದವು ಎಂಬುದು ನನಗೆ ಇಂದಿಗೂ ಸೋಜಿಗ.

ವ್ಯಾಯಾಮದ ಮೂಲಸೂತ್ರವಂತೂ ಹಳೆಯದು. ಪ್ರಾಚೀನ ಗ್ರೀಸಿನ ಮೈಲೋ ಎಂಬ ಜಟ್ಟಿ ಕರುವೊಂದನ್ನು ದಿನವೂ ಹೊತ್ತು ಹೊತ್ತು, ಅದು ಹೋರಿಯಾದಾಗಲೂ ಹೊರಬಲ್ಲವನಾದನೆಂದು ದಂತಕಥೆ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಚಿಕಿತ್ಸೆ ಮಾಡುತ್ತಿದ್ದ ತಾಮಸ್ ಡಿಲೋರ್ಮ್ ಎಂಬ ವೈದ್ಯರು 1945ರಲ್ಲಿ ಅದಕ್ಕೆ ಶಾಸ್ತ್ರದ ರೂಪ ಕೊಟ್ಟರು: ಭಾರ ಸಾಕಷ್ಟಿರಬೇಕು, ಸಲಗಳು ಕಡಿಮೆಯಿರಬೇಕು, ಬಲ ಬಂದಂತೆ ಭಾರವನ್ನೂ ಏರಿಸುತ್ತ ಹೋಗಬೇಕು. ಹಗುರವಾದದ್ದನ್ನು ನೂರು ಸಲ ಮಾಡಿದರೆ ದಮ್ಮು ಬಂದೀತು, ಬಲ ಬಾರದು.

ಇದನ್ನು ಮನೆಯಲ್ಲಿ ಮಾಡಿಸಬಹುದೇ ಎಂಬುದಕ್ಕೆ ನಮಗೆ ದಾರಿ ತೋರಿಸಿದ್ದು ಆಸ್ಟ್ರೇಲಿಯದ ಒಂದು ಪ್ರಯೋಗ. ಕ್ಯಾರೆನ್ ಡಾಡ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅದರಲ್ಲಿ 8ರಿಂದ 18 ವರ್ಷದ 21 ಮಂದಿ ಪಾಲ್ಗೊಂಡಿದ್ದರು. ಅವರಲ್ಲಿ ಒಂದು ಗುಂಪಿಗೆ ಮನೆಯಲ್ಲೇ 6 ವಾರದ ಸಾಧನೆ. ಯಂತ್ರವಿಲ್ಲ, ಮೂರೇ ಕೆಲಸ. ಹಿಮ್ಮಡಿ ಎತ್ತುವುದು, ಅರ್ಧ ಕುಳಿತು ಏಳುವುದು, ಮೆಟ್ಟಿಲು ಹತ್ತುವುದು. ಭಾರಕ್ಕೆ ಬೆನ್ನಿನ ಮೇಲೊಂದು ಚೀಲ. ಇಂದಿರಾನಗರದಲ್ಲಿ ನಮ್ಮ ಹುಡುಗನನ್ನು ನೋಡುವ ಫಿಸಿಯೋಥೆರಪಿ ತಜ್ಞೆ ಇದನ್ನು ವಿವರಿಸಿ ಹೇಳಿದಾಗ ನಮ್ಮಮ್ಮ ಕೇಳಿದ್ದು ಒಂದೇ ಪ್ರಶ್ನೆ: ‘ಚೀಲದಲ್ಲಿ ರಾಗಿ ಹಿಟ್ಟು ಹಾಕಬಹುದೆ?’

ಹಾಕಬಹುದು. ನಮ್ಮ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಇಂಥ ಮಕ್ಕಳಿರುವ ಮನೆಯವರು ಓದಿದರೆ ಉಪಯೋಗವಾದೀತೆಂದು. ಮೊದಲ ಎರಡು ವಾರ ಭಾರವೇ ಇಲ್ಲ. ಚಲನೆಯನ್ನು ಸರಿಯಾಗಿ ಕಲಿಯುವುದಷ್ಟೆ. ಎದ್ದೇಳುವುದಕ್ಕೆ ಅಡಿಗೆಮನೆಯ ಮರದ ಸ್ಟೂಲು, ಮುಂದೆ ಹಿಡಿಯಲು ಕಿಟಕಿಯ ಸರಳು. ಆಮೇಲೆ ಶಾಲೆಯ ಚೀಲದಲ್ಲಿ ಒಂದು ಕಿಲೋ ಹಿಟ್ಟಿನ ಪೊಟ್ಟಣ. ಎಂಟರಿಂದ ಹನ್ನೆರಡು ಸಲ ಮಾಡುವಷ್ಟರಲ್ಲಿ ಸಾಕುಸಾಕಾಗಬೇಕು, ಹದಿನೈದು ಸಲ ಸುಲಭವಾಗಿ ಆಯಿತೆಂದರೆ ಪೊಟ್ಟಣ ಹೆಚ್ಚಿಸಬೇಕು. ಇದೇ ನಮ್ಮ ತಕ್ಕಡಿ. ಹೀಗೆ ಮೂರು ಸುತ್ತು, ನಡುವೆ ಒಂದೆರಡು ನಿಮಿಷ ವಿಶ್ರಾಂತಿ. ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ. ಸ್ನಾಯು ಕಟ್ಟಿಕೊಳ್ಳುವುದು ಬಿಡುವಿನ ದಿನದಲ್ಲಿ. ಕುಳಿತುಕೊಳ್ಳುವಾಗ ಧೊಪ್ಪನೆ ಬೀಳದೆ ನಿಧಾನವಾಗಿ ಇಳಿಯಬೇಕು, ಆ ಇಳಿಯುವುದರಲ್ಲಿಯೇ ಅರ್ಧ ಲಾಭ. ಉಸಿರು ಬಿಗಿಹಿಡಿಯಬಾರದು. ಅದಕ್ಕಾಗಿ ಗಟ್ಟಿಯಾಗಿ ಎಣಿಸುವ ಪದ್ಧತಿ ಇಟ್ಟುಕೊಂಡೆವು. ಮೊದಲ ಸುತ್ತು ಕನ್ನಡದಲ್ಲಿ. ಎರಡನೆಯದು, ಪಕ್ಕದ ಮನೆಯ ಅಜ್ಜಿ ಕಿಟಕಿಯಿಂದ ನೋಡುತ್ತಿರುವುದರಿಂದ, ತಮಿಳಿನಲ್ಲಿ. ಮೂರನೆಯದು ಶಿವಾಜಿನಗರದಿಂದ ಶಾಲೆಗೆ ಬರುವ ಅವನ ಗೆಳೆಯ ಕಲಿಸಿದ ಉರ್ದುವಿನಲ್ಲಿ. ದಂಡಿನ ಪ್ರದೇಶದಲ್ಲಿ ಬೆಳೆದ ಹುಡುಗನಿಗೆ ಇದೊಂದು ಕಷ್ಟವಲ್ಲ. ನೋವು ಬೇರೆ, ದಣಿವು ಬೇರೆ ಎಂಬುದನ್ನು ಅವನಿಗೇ ಹೇಳಿಕೊಟ್ಟೆವು. ಕೀಲಿನಲ್ಲಿ ನೋವೆಂದರೆ ಅಂದಿಗೆ ಮುಗಿಯಿತು.

ಹನ್ನೆರಡರಿಂದ ಹದಿನಾರು ವಾರ ಬಿಡದೆ ಮಾಡಬೇಕೆಂದು ಈಚಿನ ತಜ್ಞರ ಸಲಹೆ. ನಮ್ಮ ಹದಿನಾಲ್ಕನೆಯ ವಾರದ ಕೊನೆಗೆ ಚೀಲದಲ್ಲಿ ಐದು ಪೊಟ್ಟಣಗಳಿದ್ದವು. ಮನೆಯಲ್ಲಿ ಹಬ್ಬದಂತಾಯಿತು. ಆದರೆ ಹುಡುಗನ ಮನಸ್ಸಿನಲ್ಲಿದ್ದ ಹಂಬಲ ಬೇರೆ. ನನ್ನ ಜೊತೆ ಸಾಮಾನ್ಯ ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋಗಿ ರಸೆಲ್ ಮಾರುಕಟ್ಟೆಯನ್ನು ನೋಡಬೇಕು. ಯಾರೂ ಎತ್ತಿ ಹತ್ತಿಸಕೂಡದು. ಹೋದೆವು. ಮೊದಲ ಮೆಟ್ಟಿಲು ಒಂದು ಅಡಿಗಿಂತ ಎತ್ತರ. ಕಾಲು ಅಲ್ಲಿಯವರೆಗೆ ಏಳಲಿಲ್ಲ. ನಿರ್ವಾಹಕರು ಕಾದರು, ಹಿಂದಿನವರು ಕಾದರು, ಕಡೆಗೆ ನಾನು ಎತ್ತಿ ಹತ್ತಿಸಿದೆ. ಅವನು ಮಾರುಕಟ್ಟೆಯಲ್ಲಿ ಒಂದು ಮಾತೂ ಆಡಲಿಲ್ಲ. ಮನೆಯಿಂದ ಹಲಸೂರು ಮೆಟ್ರೋ ನಿಲ್ದಾಣಕ್ಕೆ ಅವನು ನಡೆಯುವ ವೇಳೆಯನ್ನೂ ಗಡಿಯಾರ ಹಿಡಿದು ನೋಡಿದೆವು. ಹದಿನಾಲ್ಕು ವಾರದ ಹಿಂದೆ ಎಷ್ಟಿತ್ತೋ ಅಷ್ಟೇ.

ಇದು ನಮ್ಮ ಹುಡುಗನೊಬ್ಬನ ಅದೃಷ್ಟವಲ್ಲ. 2009ರಲ್ಲಿ ಅದುವರೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರು, ಬಲ ಸಾಧನೆಯಿಂದ ಹೇಳಿಕೊಳ್ಳುವ ಫಲವಿಲ್ಲವೆಂದೇ ಬರೆದರು. 2010ರಲ್ಲಿ ಹಾಲೆಂಡಿನ ವನೆಸಾ ಸ್ಕೋಲ್ಟೆಸ್ ಮತ್ತು ಸಂಗಡಿಗರು 51 ಮಕ್ಕಳ ಪ್ರಯೋಗವನ್ನು ಪ್ರಕಟಿಸಿದರು. ಸಾಧನೆಯ ಗುಂಪಿಗೆ ವಾರಕ್ಕೆ ಮೂರು ಸಲದಂತೆ 12 ವಾರ. ಬಲ ಬಂತು, ನಡಿಗೆ, ಓಡಾಟಗಳು ಸುಧಾರಿಸಲಿಲ್ಲ. ಆಸ್ಟ್ರೇಲಿಯದವರಂತೂ 2004ರಲ್ಲಿ ಇನ್ನೊಂದು ವಿಚಿತ್ರವನ್ನು ವರದಿ ಮಾಡಿದರು. ತಮ್ಮ ಓದಿನ ಬಗೆಗೆ ಮಕ್ಕಳಿಗಿರುವ ವಿಶ್ವಾಸ, ವ್ಯಾಯಾಮ ಮಾಡಿದವರಲ್ಲಿ ಉಳಿದವರಿಗಿಂತ ಹಿಂದೆ ಬಿದ್ದಿತ್ತು. ಇಂಥ ವರದಿಗಳನ್ನು ಓದಿದಾಗ ಚೀಲವನ್ನು ಅಟ್ಟಕ್ಕೆ ಎಸೆಯುವಂತಾಗುತ್ತದೆ. ಆದರೆ ಆ ಸಂಶೋಧಕರ ಪ್ರಾಮಾಣಿಕತೆಯನ್ನು ನಾನು ಮೆಚ್ಚುತ್ತೇನೆ; ಬಲದ ಹೆಸರಿನಲ್ಲಿ ಪವಾಡ ಮಾರುವವರು ನಮ್ಮಲ್ಲಿ ಕಡಿಮೆಯಿಲ್ಲ.

ವಿಚಾರ ಮಾಡಿದರೆ ಇದರಲ್ಲಿ ವಿರೋಧವೇನೂ ಇಲ್ಲ. ಬಲವೆಂಬುದು ಕೈಯಲ್ಲಿರುವ ಕಾಸಿನ ಹಾಗೆ. ಕಾಸಿದ್ದ ಮಾತ್ರಕ್ಕೆ ಊಟವಾಗದು. ಯಾವ ಅಂಗಡಿಗೆ ಹೋಗಿ ಏನು ಕೊಳ್ಳಬೇಕೆಂಬುದನ್ನು ಬೇರೆಯಾಗಿಯೇ ಕಲಿಯಬೇಕು. ಮಿದುಳು ಕಲಿಯುವುದು ತಾನು ಮಾಡಿದ ಕೆಲಸವನ್ನು. ಅದರಂತೆ ಕಾಣುವ ಕೆಲಸವನ್ನಲ್ಲ. ಆರು ಅಂಗುಲದ ಮೆಟ್ಟಿಲನ್ನು ಸಾವಿರ ಸಲ ಹತ್ತಿದವನಿಗೆ ಹದಿನಾಲ್ಕು ಅಂಗುಲದ್ದು ತಾನಾಗಿ ಬರುವುದಿಲ್ಲ. ಮಗುವೇ ಆರಿಸಿಕೊಂಡ ಒಂದು ಗುರಿ, ಅದೇ ಕೆಲಸದ ಅಭ್ಯಾಸ, ಅದಕ್ಕೆ ಬೇಕಾದಷ್ಟು ಬಲ, ಇವು ಕೂಡಿದಾಗಲೇ ಫಲ ಎಂಬ ಕಡೆಗೆ ಈಗ ತಜ್ಞರ ಒಲವಿದೆ.

ತಜ್ಞೆ ಹೇಳಿದ್ದೂ ಅದನ್ನೇ. ನಾನು ಟೇಪು ಹಿಡಿದು ಹೋಗಿ ನಿಂತ ಬಸ್ಸಿನ ಮೆಟ್ಟಿಲನ್ನೂ ಬಾಗಿಲ ಕಂಬಿಯ ಎತ್ತರವನ್ನೂ ಅಳೆದು ತಂದೆ. ಹಲಸೂರಿನ ಬಡಗಿಯೊಬ್ಬರು ಒಂದರ ಮೇಲೊಂದು ಕೂರುವ ಮೂರು ಮರದ ಪೆಟ್ಟಿಗೆಗಳನ್ನು ಮಾಡಿಕೊಟ್ಟರು. ಪಕ್ಕದ ಗೋಡೆಗೆ ಒಂದು ಕಬ್ಬಿಣದ ಸರಳು ಬಿಗಿಸಿದೆವು. ಒಂದು ಪೆಟ್ಟಿಗೆಯಿಂದ ಮೊದಲು, ಅದು ಬಂದ ಮೇಲೆ ಎರಡು, ಆಮೇಲೆ ಮೂರು. ಚೀಲವಿಲ್ಲದೆ, ಆಮೇಲೆ ಚೀಲದೊಡನೆ. ಎಡಗಾಲು ಮೊದಲೋ ಬಲಗಾಲು ಮೊದಲೋ ಎಂಬುದನ್ನು ಅವನೇ ಕಂಡುಕೊಂಡನು. ಐದು ತಿಂಗಳು ಹಿಡಿಯಿತು. ಈಗ ಕಂಬಿ ಹಿಡಿದು ಸಾಮಾನ್ಯ ಬಸ್ಸನ್ನು ತಾನೇ ಹತ್ತುತ್ತಾನೆ, ಚಾಲಕರು ಅರ್ಧ ನಿಮಿಷ ತಡೆದರೆ. ಇಳಿಯುವುದಕ್ಕೆ ನನ್ನ ಭುಜ ಬೇಕು. ನಡಿಗೆಯ ವೇಗ ಹೆಚ್ಚಿಲ್ಲ. ದೂರ ಹೋಗಬೇಕಾದರೆ ಗಾಲಿಕುರ್ಚಿಯೇ, ಮೆಟ್ರೋದ ಲಿಫ್ಟೇ. ಬೆಳೆಯುವ ವಯಸ್ಸಿನಲ್ಲಿ ಮೊಣಕಾಲಿನ ಬಾಗು ಹೆಚ್ಚದೆ ನಿಂತಿದೆ ಎಂದು ತಜ್ಞೆ ಹೇಳುತ್ತಾರೆ. ಅದು ವ್ಯಾಯಾಮದಿಂದಲೇ ಎಂದು ಆಣೆಯಿಟ್ಟು ಹೇಳುವಂತಿಲ್ಲ.

ಎಲ್ಲ ಮಕ್ಕಳಿಗೂ ಇದು ಒಂದೇ ಅಳತೆಯಲ್ಲ. 1997ರಲ್ಲಿ ರಾಬರ್ಟ್ ಪಲಿಸಾನೊ ಮತ್ತು ಕೆನಡದ ಅವರ ಜೊತೆಗಾರರು ಈ ಮಕ್ಕಳ ಚಲನಶಕ್ತಿಯನ್ನು ಐದು ಮಟ್ಟಗಳಾಗಿ ವಿಂಗಡಿಸಿದರು. ಮೊದಲ ಮಟ್ಟದವರು ಓಡಬಲ್ಲರು. ಐದನೆಯವರಿಗೆ ತಲೆ ನಿಲ್ಲಿಸುವುದೂ ಕಷ್ಟ. ಇಲ್ಲಿ ಹೇಳಿದ್ದು ಮುಖ್ಯವಾಗಿ ಮೊದಲ ಮೂರು ಮಟ್ಟದವರಿಗೆ. ಉಳಿದವರಿಗೆ ಸರಿಯಾದ ಆಸನ, ಗಾಲಿಕುರ್ಚಿ, ಸೊಂಟದ ರಕ್ಷಣೆ ಇವೇ ಮೊದಲು. ಕುರ್ಚಿಯಲ್ಲಿ ಕೂರುವುದನ್ನು ಸೋಲೆಂದು ಬಗೆಯುವ ಮನೆಗಳಲ್ಲಿ ಮಗುವಿಗೆ ಹಿಂಸೆಯೇ ಹೆಚ್ಚು. ಯಾವ ಮಟ್ಟದವರಾದರೂ ವ್ಯಾಯಾಮ ತೊಡಗುವ ಮುನ್ನ ವೈದ್ಯರನ್ನು ಕಾಣಬೇಕು. ಈ ಮಕ್ಕಳಲ್ಲಿ ತೊಡೆಯ ಮೂಳೆ ಸೊಂಟದ ಗುಳಿಯಿಂದ ಸದ್ದಿಲ್ಲದೆ ಜಾರುವುದುಂಟು, ಎಕ್ಸ್-ರೇ ಇಲ್ಲದೆ ತಿಳಿಯದು. ಮೂರ್ಛೆ ಬರುವ ಮಕ್ಕಳಿಗೂ, ಶಸ್ತ್ರಚಿಕಿತ್ಸೆಯಾದವರಿಗೂ ಬೇರೆ ಎಚ್ಚರಿಕೆಗಳಿವೆ. ಏಳು ವರ್ಷದೊಳಗಿನವರಿಗೆ ಚೀಲ, ಎಣಿಕೆ ಯಾವುದೂ ಬೇಡ. ಮೆಟ್ಟಿಲ ಮೇಲೆ ಬೊಂಬೆಯಿಟ್ಟು ಕರೆದರೆ ಸಾಕು.

ನಮ್ಮ ಊರಿನ ಪೂರ್ವಭಾಗ ಈ ವಿಷಯದಲ್ಲಿ ಬಡವಲ್ಲ. ಲಿಂಗರಾಜಪುರದಲ್ಲಿರುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಎಂಬ ಸಂಸ್ಥೆಯನ್ನು ಎನ್. ಎಸ್. ಹೇಮಾ ಅವರು ಕಟ್ಟಿದ್ದು 1959ರಷ್ಟು ಹಿಂದೆ. 1972ರಲ್ಲಿ ಮಿಥು ಅಲೂರ್ ಅವರು, ಸೆರೆಬ್ರಲ್ ಪಾಲ್ಸಿಯಿದ್ದ ತಮ್ಮ ಮಗಳಿಗೆ ತಕ್ಕ ಶಾಲೆ ಕಾಣದೆ, ಮುಂಬಯಿಯಲ್ಲಿ ಭಾರತದ ಸ್ಪಾಸ್ಟಿಕ್ಸ್ ಸೊಸೈಟಿಯನ್ನು ಸ್ಥಾಪಿಸಿದರು. ಹತ್ತು ವರ್ಷದ ಮೇಲೆ, 1982ರಲ್ಲಿ, ಬೆಂಗಳೂರಿನಲ್ಲಿ ಕರ್ನಾಟಕದ ಸ್ಪಾಸ್ಟಿಕ್ಸ್ ಸೊಸೈಟಿ ಆರಂಭವಾಯಿತು. ಇಂದಿರಾನಗರದಲ್ಲಿ ಅದರ ಶಾಲೆಯೂ ಚಿಕಿತ್ಸಾಲಯವೂ ಇವೆ. ಕಾನೂನಿನ ಬೆಂಬಲಕ್ಕೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಮತ್ತು 2016ರ ವಿಕಲಚೇತನರ ಹಕ್ಕುಗಳ ಕಾಯಿದೆ, ಎರಡರಲ್ಲಿಯೂ ಸೆರೆಬ್ರಲ್ ಪಾಲ್ಸಿಯ ಹೆಸರಿದೆ.

ಆದರೆ ಕೆ. ಆರ್. ಪುರದಿಂದ ಮೂವತ್ತೈದು ಕಿಲೋ ತೂಗುವ ಮಗುವನ್ನು ಸೊಂಟದ ಮೇಲೆ ಹೊತ್ತು, ಟಿನ್ ಫ್ಯಾಕ್ಟರಿಯ ವಾಹನಸಂದಣಿಯನ್ನು ದಾಟಿ, ವಾರಕ್ಕೆ ಮೂರು ಸಲ ಇಂದಿರಾನಗರಕ್ಕೆ ಬರಬೇಕಾದ ತಾಯಿಯ ಬಲದ ಲೆಕ್ಕವನ್ನು ಯಾವ ಪ್ರಯೋಗವೂ ಹಾಕಿಲ್ಲ. ಒಂದು ದಿನದ ಕೂಲಿ ಹೋಗುತ್ತದೆ, ಆಟೋದ ಬಾಡಿಗೆ ಬೇರೆ. ನಡುವೆ ಬಿಟ್ಟುಬಿಡುತ್ತಾರೆ, ಬಿಟ್ಟ ಕೆಲವೇ ವಾರಗಳಲ್ಲಿ ಗಳಿಸಿದ ಬಲವೂ ಇಳಿಯತೊಡಗುತ್ತದೆ. ಮನೆಯಲ್ಲಿ ರಾಗಿ ಹಿಟ್ಟಿನ ಚೀಲದಿಂದ ಆಗುವ ವ್ಯಾಯಾಮಕ್ಕೆ ನಾನು ಇಷ್ಟು ಪುಟಗಳನ್ನು ಕೊಟ್ಟಿರುವುದು ಈ ಕಾರಣಕ್ಕಾಗಿ. ತಿಂಗಳಿಗೊಮ್ಮೆ ತಜ್ಞರು ನೋಡಿ ತಿದ್ದಿಕೊಟ್ಟರೆ ಉಳಿದದ್ದನ್ನು ಮನೆಯವರೇ ನಡೆಸಬಹುದು. ಆ ಭಾರ ತಾಯಿಯೊಬ್ಬಳ ಮೇಲೆಯೇ ಬೀಳದಿರಬೇಕಾದರೆ, ಕಾಲೇಜು ಮುಗಿಸಿ ಸಂಜೆ ಮನೆಗೆ ಬರುವ ನನ್ನಂಥ ಸೋದರಮಾವಂದಿರೂ ಚಿಕ್ಕಮ್ಮಂದಿರೂ ವಾರಕ್ಕೆ ಮೂರು ಸಲ ಮುಕ್ಕಾಲು ಗಂಟೆ ಕೊಡಬೇಕಾಗುತ್ತದೆ.

ನಮ್ಮ ಪೆಟ್ಟಿಗೆಗಳು ಈಗ ಮನೆಯಲ್ಲಿಲ್ಲ. ಕೆ. ಆರ್. ಪುರದ ಒಂಬತ್ತು ವರ್ಷದ ಹುಡುಗಿಯೊಬ್ಬಳ ಮನೆಗೆ ಅವನ್ನು ಕಳೆದ ತಿಂಗಳು ಕೊಟ್ಟುಬಂದೆವು. ಅವಳಿಗೆ ಬಸ್ಸಿನ ಚಿಂತೆಯಿಲ್ಲ. ಶಾಲೆಯ ರಂಗಮಂಚಕ್ಕೆ ಹತ್ತುವ ಎರಡು ಮೆಟ್ಟಿಲುಗಳ ಮೇಲೆ ಕಣ್ಣು. ಅವು ನಮ್ಮ ಪೆಟ್ಟಿಗೆಗಿಂತ ಒಂದು ಅಂಗುಲ ಹೆಚ್ಚು ಎತ್ತರವಂತೆ. ಅಡಿಯಲ್ಲಿ ಸೇರಿಸಲು ಒಂದು ಹಲಗೆಯನ್ನು ಬಡಗಿಗೆ ಹೇಳಿಟ್ಟಿದ್ದೇವೆ.